ಇಇಜಿಯಲ್ಲಿ ಫಿಟ್ಸ್ ಗುರುತಿಸುವುದು ಹೇಗೆ: ಕಚ್ಚಾ ಫೈಲ್‌ನಿಂದ ಅಲಾರಂವರೆಗೆ

ಮೂರ್ಛೆರೋಗ ಇರುವವರಿಗೆ ಫಿಟ್ಸ್ ಬಂದಾಗ ಮಿದುಳಿನ ಹೊರಪದರದ ನರಕೋಶಗಳ ದೊಡ್ಡ ಗುಂಪೊಂದು ಅತಿಯಾಗಿ, ಒಂದೇ ತಾಳದಲ್ಲಿ ಮಿಡಿಯತೊಡಗುತ್ತದೆ. ನೆತ್ತಿಯ ಮೇಲೆ ಅಂಟಿಸಿದ ಎಲೆಕ್ಟ್ರೋಡ್‌ಗಳಿಗೆ ಅದು ಕೆಲವು ಹತ್ತು, ಕೆಲವೊಮ್ಮೆ ಕೆಲವು ನೂರು ಮೈಕ್ರೋವೋಲ್ಟ್‌ನ ಲಯಬದ್ಧ ಅಲೆಯಾಗಿ ತಲುಪುತ್ತದೆ. ಹೀಗೆ ನೆತ್ತಿಯಿಂದ ಪಡೆದ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯೇ ಇಇಜಿ. ಅದರಲ್ಲಿನ ಫಿಟ್ಸ್‌ನ ಅಲೆಯನ್ನು ಕಂಪ್ಯೂಟರ್ ತಾನಾಗಿ ಹಿಡಿಯುವಂತೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡೋಣ. ಪೈಥಾನ್ ಸ್ವಲ್ಪ ಬರುತ್ತದೆ, ಆವರ್ತನ ಎಂದರೇನು ಎಂದು ಗೊತ್ತಿದೆ ಎಂದಾದರೆ ಸಾಕು.

ಒಂದು ಮಾತು ಮೊದಲೇ ಹೇಳಬೇಕು. ಈ ಕೆಲಸ ಹಾಳಾಗುವುದು ಮಾಡೆಲ್ (ಉದಾಹರಣೆಗಳಿಂದ ಫಿಟ್ಸ್ ಗುರುತಿಸಲು ಕಲಿಯುವ ಪ್ರೋಗ್ರಾಂ) ಸಾಮಾನ್ಯದ್ದು ಎಂಬ ಕಾರಣಕ್ಕಲ್ಲ. ಸಿಗ್ನಲ್ ಅನ್ನು ಕಣ್ಣಿಟ್ಟು ನೋಡದೆ ಇರುವುದರಿಂದ, ಡೇಟಾವನ್ನು ತಪ್ಪಾಗಿ ಹಂಚುವುದರಿಂದ, ತಪ್ಪು ಅಂಕಿಯನ್ನು ಫಲಿತಾಂಶ ಎಂದು ನಂಬುವುದರಿಂದ ಹಾಳಾಗುತ್ತದೆ. ಹಾಗಾಗಿ ಈ ಬರಹದಲ್ಲಿ ಮಾಡೆಲ್‌ಗಿಂತ ಅದರ ಹಿಂದುಮುಂದಿನ ಕೆಲಸಕ್ಕೇ ಹೆಚ್ಚು ಜಾಗ.

ಡೇಟಾ ಮತ್ತು ಸಲಕರಣೆ

ಕಲಿಯಲು ಸಿಎಚ್‌ಬಿ-ಎಂಐಟಿ ಸಂಗ್ರಹ ಒಳ್ಳೆಯದು. ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ, ಔಷಧ ನಿಲ್ಲಿಸಿದ ಬಳಿಕ ಹಲವು ದಿನ ನಿಗಾದಲ್ಲಿದ್ದ ಮಕ್ಕಳು ಮತ್ತು ಹರೆಯದವರ ಇಇಜಿ ಇದರಲ್ಲಿದೆ. ಫಿಸಿಯೋನೆಟ್ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಸೆಕೆಂಡಿಗೆ 256 ಸ್ಯಾಂಪಲ್ (ಅಳತೆ), 16 ಬಿಟ್, ಬಹುತೇಕ ಫೈಲ್‌ಗಳಲ್ಲಿ 23 ಚಾನೆಲ್ (ಎಲೆಕ್ಟ್ರೋಡ್ ಜೋಡಿಯೊಂದರ ಸಿಗ್ನಲ್). ಪ್ರತಿ ಫಿಟ್ಸ್ ಎಷ್ಟನೇ ಸೆಕೆಂಡಿಗೆ ಶುರುವಾಗಿ ಎಷ್ಟನೇ ಸೆಕೆಂಡಿಗೆ ಮುಗಿಯಿತು ಎಂಬುದನ್ನು ಪ್ರತಿ ರೋಗಿಯ ಸಾರಾಂಶ ಫೈಲ್‌ನಲ್ಲಿ ಬರೆದಿಟ್ಟಿದ್ದಾರೆ.

ಇಡೀ ಸಂಗ್ರಹ 40 ಜಿಬಿಗೂ ಹೆಚ್ಚು. ಎಲ್ಲವನ್ನೂ ಇಳಿಸಲು ಹೋಗಬೇಡಿ. ಸಿಎಚ್‌ಬಿ01 ಎಂಬ ಒಂದೇ ಫೋಲ್ಡರ್ ಸಾಕು. ಇದು 11 ವರ್ಷದ ಹುಡುಗಿಯೊಬ್ಬಳ ದಾಖಲೆ: 42 ಫೈಲ್, ಸುಮಾರು 40 ಗಂಟೆ, 7 ಫಿಟ್ಸ್, ಒಟ್ಟು ಗಾತ್ರ 1.7 ಜಿಬಿಯಷ್ಟು. 7 ಫಿಟ್ಸ್ ಬೇರೆ ಬೇರೆ 7 ಫೈಲ್‌ಗಳಲ್ಲಿವೆ. ಈ ಅನುಕೂಲ ಮುಂದೆ ಕೆಲಸಕ್ಕೆ ಬರುತ್ತದೆ.

ಪೈಥಾನ್ ಜೊತೆ ನಾಲ್ಕು ಲೈಬ್ರರಿ ಹಾಕಿಕೊಳ್ಳಿ: ಇಡಿಎಫ್ (ಇಇಜಿ ದಾಖಲೆ ಉಳಿಸಿಡುವ ಮಾದರಿ) ಫೈಲ್ ಓದಲು, ಫಿಲ್ಟರ್ ಮಾಡಲು ಎಂಎನ್‌ಇ; ಲೆಕ್ಕಕ್ಕೆ ನಮ್‌ಪೈ ಮತ್ತು ಸೈಪೈ; ಕಲಿಕೆಗೆ ಸೈಕಿಟ್-ಲರ್ನ್. 8 ಜಿಬಿ ಮೆಮೊರಿಯ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಡಿಸ್ಕ್‌ನಲ್ಲಿ 42 ಎಂಬಿ ಇರುವ ಒಂದು ಗಂಟೆಯ ಫೈಲ್ ಮೆಮೊರಿಗೆ ಬಂದಾಗ ಸುಮಾರು 170 ಎಂಬಿ ಆಗುತ್ತದೆ. ಆದ್ದರಿಂದ ಒಂದು ಫೈಲ್ ತೆರೆದು, ಬೇಕಾದ ಲೆಕ್ಕ ಮಾಡಿ, ಉತ್ತರವನ್ನಷ್ಟೇ ಉಳಿಸಿ, ಮುಚ್ಚಿ ಮುಂದಿನದಕ್ಕೆ ಹೋಗುವಂತೆ ಪ್ರೋಗ್ರಾಂ ಬರೆಯಿರಿ.

ಹಂತ 1: ಮೊದಲು ಕಣ್ಣಿನಿಂದ ನೋಡಿ

ಸಿಎಚ್‌ಬಿ01ರ 03ನೇ ಫೈಲ್ ತೆರೆಯಿರಿ. ಇದರಲ್ಲಿ ಫಿಟ್ಸ್ 2996ನೇ ಸೆಕೆಂಡಿಗೆ ಶುರುವಾಗಿ 3036ಕ್ಕೆ ಮುಗಿಯುತ್ತದೆ. ಪರದೆಯ ಮೇಲೆ ಒಮ್ಮೆಗೆ 10 ಸೆಕೆಂಡ್ ಕಾಣುವಂತೆ ಇಟ್ಟು, 2900ರಿಂದ 3100ರವರೆಗೆ ಪುಟ ತಿರುಗಿಸಿದಂತೆ ಸರಿಸುತ್ತಾ ಹೋಗಿ. ಆಮೇಲೆ ಅದೇ ಫೈಲ್‌ನ ಬೇರೆ ಹತ್ತಾರು ನಿಮಿಷ ನೋಡಿ. ಈ ಕೆಲಸಕ್ಕೆ ಒಂದು ಸಂಜೆ ಹೋದರೂ ನಷ್ಟವಿಲ್ಲ. ಗುರುತಿಸಲು ಕಲಿಯಬೇಕಾದವು ಇವು:

- ಕಣ್ಣು ಮಿಟುಕಿಸಿದಾಗ ಹಣೆಯ ಹತ್ತಿರದ ನಾಲ್ಕು ಚಾನೆಲ್‌ಗಳಲ್ಲಿ (ಎಫ್‌ಪಿ1, ಎಫ್‌ಪಿ2 ಎಂಬ ಎಲೆಕ್ಟ್ರೋಡ್ ಇರುವವು) ಒಟ್ಟಿಗೆ ದೊಡ್ಡ, ನಿಧಾನ ಗುಡ್ಡ.
- ಅಗಿಯುವಾಗ, ಹಲ್ಲು ಕಚ್ಚಿದಾಗ ಕಿವಿಯ ಮೇಲಿನ ಟಿ7, ಟಿ8 ಎಲೆಕ್ಟ್ರೋಡ್‌ಗಳ ಸುತ್ತ ದಟ್ಟವಾದ, ಚೂಪಾದ, 20 ಹರ್ಟ್ಜ್‌ಗೂ ಮೇಲಿನ ಗೀಚು.
- ಎಲೆಕ್ಟ್ರೋಡ್ ಸಡಿಲವಾದರೆ ಅದು ಪಾಲ್ಗೊಂಡ ಚಾನೆಲ್‌ಗಳಲ್ಲಿ ಮಾತ್ರ ದಿಢೀರ್ ಜಿಗಿತ. ಕಳಚಿಹೋದರೆ ಸಪಾಟು ಗೆರೆ.
- ಫಿಟ್ಸ್ ಆದರೆ ಲಯ ಕಾಣುತ್ತದೆ, ಆ ಲಯ ಹತ್ತಾರು ಸೆಕೆಂಡಿನಲ್ಲಿ ಬದಲಾಗುತ್ತಾ ಪಕ್ಕದ ಚಾನೆಲ್‌ಗಳಿಗೆ ಹರಡುತ್ತದೆ.

ಕೊನೆಯದರಲ್ಲಿ "ಬದಲಾಗುತ್ತಾ" ಎಂಬುದೇ ಮುಖ್ಯ. ಎತ್ತರದ ಅಲೆ ಅಗಿತದಲ್ಲೂ ಇದೆ, ಲಯ ನಿದ್ರೆಯಲ್ಲೂ ಇದೆ. ಆವರ್ತನ, ಎತ್ತರ, ಹರವು ಕ್ರಮವಾಗಿ ಬದಲಾಗುತ್ತಾ ಹೋಗುವುದು ಫಿಟ್ಸ್‌ನ ಗುಣ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಎಂಎನ್‌ಇ ಎಲ್ಲವನ್ನೂ ವೋಲ್ಟ್‌ನಲ್ಲಿ ಇಟ್ಟುಕೊಳ್ಳುತ್ತದೆ, ಮೈಕ್ರೋವೋಲ್ಟ್‌ನಲ್ಲಿ ಅಲ್ಲ. 100 ಮೈಕ್ರೋವೋಲ್ಟ್ ನಿಮ್ಮ ಕೈಗೆ 0.0001 ಎಂದು ಬರುತ್ತದೆ. ಲಾಗ್ ತೆಗೆಯುವಾಗ ಸೊನ್ನೆ ತಪ್ಪಿಸಲೆಂದು 0.000001 ಕೂಡಿಸುವ ಅಭ್ಯಾಸ ಹಲವರಿಗಿದೆ. ವೋಲ್ಟ್‌ನಲ್ಲಿ ಲೆಕ್ಕ ಹಾಕಿದ ಶಕ್ತಿ ಆ ಕೂಡಿಸಿದ ಅಂಕಿಗಿಂತಲೂ ಎಷ್ಟೋ ಪಟ್ಟು ಚಿಕ್ಕದು. ಎಲ್ಲ ಲಕ್ಷಣಗಳೂ (ಸಿಗ್ನಲ್‌ನಿಂದ ತೆಗೆದು ಮಾಡೆಲ್‌ಗೆ ಕೊಡುವ ಅಂಕಿಗಳು) ಒಂದೇ ಬೆಲೆಗೆ ಚಪ್ಪಟೆಯಾಗಿಬಿಡುತ್ತವೆ, ಎಲ್ಲಿಯೂ ದೋಷದ ಸಂದೇಶ ಬರುವುದಿಲ್ಲ. ಫೈಲ್ ಓದಿದ ಕೂಡಲೇ 10 ಲಕ್ಷದಿಂದ ಗುಣಿಸಿಬಿಡಿ.

ಹಂತ 2: ಚಾನೆಲ್ ಆರಿಸುವುದು

ಇಲ್ಲಿನ ಪ್ರತಿ ಚಾನೆಲ್ ಅಕ್ಕಪಕ್ಕದ ಎರಡು ಎಲೆಕ್ಟ್ರೋಡ್‌ಗಳ ವ್ಯತ್ಯಾಸ. ಎಫ್7-ಟಿ7 ಎಂದರೆ ಎಫ್7ರ ವೋಲ್ಟೇಜ್‌ನಿಂದ ಟಿ7ರದ್ದನ್ನು ಕಳೆದದ್ದು. 23ರಲ್ಲಿ ಟಿ8-ಪಿ8 ಎರಡು ಸಲ ಬಂದಿದೆ. ಎಂಎನ್‌ಇ ಹೆಸರಿನ ಕೊನೆಗೆ 0 ಮತ್ತು 1 ಸೇರಿಸಿ ತೋರಿಸುತ್ತದೆ. ಪಿ7-ಟಿ7 ಎಂಬುದು ಟಿ7-ಪಿ7ರದ್ದೇ ತಲೆಕೆಳಗಾದ ರೂಪ. ಹೊಸ ಮಾಹಿತಿ ಎರಡರಲ್ಲೂ ಇಲ್ಲ, ತೆಗೆದುಹಾಕಿ. ಎಫ್‌ಟಿ9, ಎಫ್‌ಟಿ10 ಸೇರಿದ ಮೂರನ್ನೂ ಬಿಟ್ಟರೆ 18 ಉಳಿಯುತ್ತವೆ: ಎಡ ಹೊರಸಾಲು 4, ಎಡ ಒಳಸಾಲು 4, ಬಲಕ್ಕೆ ಅದೇ ರೀತಿ 8, ನಡುನೆತ್ತಿಯ 2. ಅವನ್ನು ಹೆಸರಿನಿಂದಲೇ ಆರಿಸಿ, ಕ್ರಮಸಂಖ್ಯೆಯಿಂದ ಆರಿಸಬೇಡಿ. ಬೇರೆ ರೋಗಿಗಳ ಫೈಲ್‌ಗಳಲ್ಲಿ ನಡುವೆ ಖಾಲಿ ಚಾನೆಲ್‌ಗಳು, ಕೆಲವೆಡೆ ಇಸಿಜಿ ಚಾನೆಲ್ ಕೂಡ ಸೇರಿಕೊಂಡಿವೆ. ಕ್ರಮಸಂಖ್ಯೆ ನಂಬಿದರೆ ಹೃದಯದ ಮಿಡಿತವನ್ನೇ ಮಿದುಳಿನದೆಂದು ಕಲಿಸಿದಂತಾಗುತ್ತದೆ.

ಹಂತ 3: ಫಿಲ್ಟರ್

0.5ರಿಂದ 40 ಹರ್ಟ್ಜ್‌ವರೆಗೆ ಉಳಿಸಿ. ಕೆಳಗಿನ ಮಿತಿ ಬೆವರು ಮತ್ತು ಎಲೆಕ್ಟ್ರೋಡ್‌ನಿಂದಾಗುವ ನಿಧಾನ ಅಲೆದಾಟವನ್ನು ತೆಗೆಯುತ್ತದೆ. ಮೇಲಿನದು ಸ್ನಾಯುವಿನ ಗೀಚನ್ನು ಸಾಕಷ್ಟು ತಗ್ಗಿಸುತ್ತದೆ. ಅಮೆರಿಕದ ವಿದ್ಯುತ್ 60 ಹರ್ಟ್ಜ್ ಆದ್ದರಿಂದ ಆ ಗುಂಯ್‌ಗುಡುವಿಕೆ ಇದರಲ್ಲೇ ಹೋಗುತ್ತದೆ. ಅದಕ್ಕೆಂದೇ ಇನ್ನೊಂದು ಫಿಲ್ಟರ್ ಬೇಡ.

ಎರಡು ಎಚ್ಚರಿಕೆ. 0.5 ಹರ್ಟ್ಜ್‌ನಲ್ಲಿ ಕತ್ತರಿಸಲು ಎಂಎನ್‌ಇ ತಾನಾಗಿ ಆರಿಸುವ ಫಿಲ್ಟರ್ ಸುಮಾರು 6.6 ಸೆಕೆಂಡ್ ಉದ್ದದ್ದು, ಅಂದರೆ 1690ರಷ್ಟು ಸ್ಯಾಂಪಲ್. ಸಿಗ್ನಲ್ ಅನ್ನು ಮೊದಲು 2 ಸೆಕೆಂಡಿನ ತುಂಡು ಮಾಡಿ ಆಮೇಲೆ ಫಿಲ್ಟರ್ ಮಾಡಿದರೆ ಪ್ರತಿ ತುಂಡೂ ಬರೀ ಅಂಚಿನ ದೋಷದಿಂದ ತುಂಬಿರುತ್ತದೆ. ಇಡೀ ಗಂಟೆಯನ್ನು ಫಿಲ್ಟರ್ ಮಾಡಿ, ಆಮೇಲೆ ಕತ್ತರಿಸಿ. ಎರಡನೆಯದು, ಈ ಫಿಲ್ಟರ್ ಹಿಂದಿನ ಸ್ಯಾಂಪಲ್ ಜೊತೆ ಮುಂದಿನದನ್ನೂ ಬಳಸುತ್ತದೆ; ಇನ್ನೂ ಬಾರದ ಫಿಟ್ಸ್‌ನ ನೆರಳು 3.3 ಸೆಕೆಂಡ್‌ವರೆಗೆ ಹಿಂದಕ್ಕೆ ಚಾಚಬಹುದು. ರೋಗವನ್ನು ಅಭ್ಯಾಸ ಮಾಡುವುದಕ್ಕೆ ಇದರಿಂದ ಬಾಧೆ ಇಲ್ಲ. "ಫಿಟ್ಸ್ ಶುರುವಾದ ಎಷ್ಟು ಸೆಕೆಂಡಿಗೆ ಹಿಡಿದೆವು" ಎಂದು ಅಳೆಯುವುದಾದರೆ ಮಾತ್ರ ಹಿಂದಿನ ಸ್ಯಾಂಪಲ್‌ಗಳನ್ನಷ್ಟೇ ಬಳಸುವ ಫಿಲ್ಟರ್‌ಗೆ ಬದಲಿಸಿ, ಅದರ ವಿಳಂಬವನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಂತ 4: ತುಂಡು ಮಾಡಿ ಗುರುತು ಹಾಕುವುದು

2 ಸೆಕೆಂಡಿಗೊಂದು ತುಂಡು, ಅಂದರೆ 512 ಸ್ಯಾಂಪಲ್. ಗಂಟೆಗೆ 1800 ತುಂಡು. ಪೂರ್ತಿ ಫಿಟ್ಸ್ ಒಳಗಿದ್ದರೆ 1, ಪೂರ್ತಿ ಹೊರಗಿದ್ದರೆ 0. ಗಡಿಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಇರುವ ತುಂಡುಗಳನ್ನು ಕಲಿಕೆಯಿಂದ ಬಿಡಿ. ಫಿಟ್ಸ್ ಮುಗಿದ ಮೇಲಿನ 5 ನಿಮಿಷವನ್ನೂ ಕಲಿಕೆಗೆ ಬಳಸಬೇಡಿ. ಆಗ ಮಿದುಳಿನ ಅಲೆ ನಿಧಾನವಾಗಿ, ಅಸಹಜವಾಗಿ ಇರುವುದುಂಟು, ಅದನ್ನು "ಸಾಮಾನ್ಯ" ಎಂದು ಕಲಿಸುವುದು ಸರಿಯಲ್ಲ. ಪರೀಕ್ಷೆಗೆ ಮಾತ್ರ ಯಾವುದನ್ನೂ ಬಿಡುವಂತಿಲ್ಲ.

ಈಗ ಲೆಕ್ಕ ನೋಡಿ. ಸಿಎಚ್‌ಬಿ01ರ 7 ಫಿಟ್ಸ್ ಒಟ್ಟು 442 ಸೆಕೆಂಡ್. ಫಿಟ್ಸ್‌ನ ತುಂಡು 220ರ ಆಸುಪಾಸು, ಒಟ್ಟು ತುಂಡು 73,000ದಷ್ಟು. ಏನನ್ನೂ ನೋಡದೆ ಯಾವಾಗಲೂ "ಫಿಟ್ಸ್ ಇಲ್ಲ" ಎನ್ನುವ ಪ್ರೋಗ್ರಾಂ ಕೂಡ 99.7% ನಿಖರ. ನಿಖರತೆಯ ಶೇಕಡಾವಾರು ಈ ಕೆಲಸದಲ್ಲಿ ಏನೂ ಹೇಳುವುದಿಲ್ಲ ಎಂಬುದು ಇಲ್ಲೇ ಸ್ಪಷ್ಟವಾಗಬೇಕು.

ಹಂತ 5: ಲಕ್ಷಣಗಳು

ಮೊದಲು ಒಂದೇ ಒಂದು ಲಕ್ಷಣ ತೆಗೆಯಿರಿ: ಗೆರೆಯ ಉದ್ದ. ಒಂದರ ಪಕ್ಕದ ಒಂದು ಸ್ಯಾಂಪಲ್‌ಗಳ ವ್ಯತ್ಯಾಸ ತೆಗೆದು, ಋಣ ಚಿಹ್ನೆ ಬಿಟ್ಟು, 2 ಸೆಕೆಂಡಿನದೆಲ್ಲ ಕೂಡಿಸಿ. ಅಲೆ ಎತ್ತರವಾದರೂ, ವೇಗವಾದರೂ ಇದು ಏರುತ್ತದೆ. ಸೊನ್ನೆಯಿಂದ ತುದಿಗೆ 50 ಮೈಕ್ರೋವೋಲ್ಟ್ ಎತ್ತರದ 3 ಹರ್ಟ್ಜ್ ಅಲೆಗೆ ಸೆಕೆಂಡಿಗೆ 600. ಅದೇ ಎತ್ತರದ 12 ಹರ್ಟ್ಜ್ ಅಲೆಗೆ 2400. 18 ಚಾನೆಲ್‌ಗಳ ಮಧ್ಯಮ ಬೆಲೆ (ಏರಿಕೆ ಕ್ರಮದಲ್ಲಿಟ್ಟಾಗ ನಡುವಿನದು) ತೆಗೆದು 03ನೇ ಫೈಲ್‌ನ ಇಡೀ ಗಂಟೆಗೆ ಗ್ರಾಫ್ ಬಿಡಿಸಿ. 2996ರ ನಂತರ ಗೆರೆ ಏರುವುದು ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ. ಚಾನೆಲ್, ಏಕಮಾನ, ಸಮಯ ಈ ಮೂರರಲ್ಲಿ ಎಲ್ಲೋ ತಪ್ಪಿದೆ. ಬೇರೆ ಕಡೆಯೂ ಏರಿದ್ದರೆ ಆ ಜಾಗಗಳನ್ನು ಬರೆದಿಟ್ಟುಕೊಳ್ಳಿ.

ಇನ್ನು ಆವರ್ತನದ ಲೆಕ್ಕ. ಪ್ರತಿ ತುಂಡಿಗೆ 512 ಸ್ಯಾಂಪಲ್‌ನ ಹ್ಯಾನ್ ಕಿಟಕಿ (ತುಂಡಿನ ಎರಡೂ ಅಂಚನ್ನು ಮೆಲ್ಲಗೆ ಸೊನ್ನೆಗೆ ಇಳಿಸುವ ಗುಣಕ) ಹಾಕಿ ಫೂರಿಯೆ ರೂಪಾಂತರ ಮಾಡಿ; ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಇದೆ ಎಂಬುದು ಅದರಿಂದ ಸಿಗುತ್ತದೆ. 2 ಸೆಕೆಂಡಿನ ತುಂಡಾದ್ದರಿಂದ ಉತ್ತರ 0.5 ಹರ್ಟ್ಜ್ ಹೆಜ್ಜೆಯಲ್ಲಿ ಸಿಗುತ್ತದೆ. 0.5ರಿಂದ 24.5 ಹರ್ಟ್ಜ್‌ವರೆಗೆ 3 ಹರ್ಟ್ಜ್ ಅಗಲದ 8 ಪಟ್ಟಿ ಮಾಡಿ, ಪ್ರತಿ ಪಟ್ಟಿಯ ಶಕ್ತಿ ಕೂಡಿಸಿ ಲಾಗ್ ತೆಗೆಯಿರಿ. 18 ಚಾನೆಲ್‌ಗೆ 144 ಅಂಕಿ. ಈ ತುಂಡು ಮತ್ತು ಇದರ ಹಿಂದಿನ ಎರಡನ್ನು ಜೋಡಿಸಿದರೆ 432. ಲಯ ಬದಲಾಗುತ್ತಾ ಹೋಗುವುದು ಮಾಡೆಲ್‌ಗೆ ತಿಳಿಯುವುದೇ ಈ ಜೋಡಣೆಯಿಂದ. ಒಂದು ಫೈಲ್‌ನ ಕೊನೆಯ ತುಂಡನ್ನು ಇನ್ನೊಂದರ ಮೊದಲನೆಯದಕ್ಕೆ ಜೋಡಿಸದಂತೆ ನೋಡಿಕೊಳ್ಳಿ. ಫೈಲ್‌ಗಳ ನಡುವೆ ದಾಖಲಾಗದ ಸಮಯವಿದೆ.

ಈ ವಿನ್ಯಾಸ ಆಲಿ ಶೋಯಬ್ ಎಂಐಟಿಯಲ್ಲಿ ಇದೇ ಡೇಟಾದ ಮೇಲೆ ಮಾಡಿದ ಕೆಲಸದಿಂದ ಬಂದದ್ದು. ಅವರೂ ಜಾನ್ ಗಟಾಗ್ ಅವರೂ 2010ರಲ್ಲಿ ವರದಿ ಮಾಡಿದಂತೆ, ರೋಗಿಗೊಂದರಂತೆ ಕಲಿಸಿದ ಮಾಡೆಲ್‌ಗಳು 173 ಫಿಟ್ಸ್‌ಗಳಲ್ಲಿ 96% ಹಿಡಿದವು; ಮಧ್ಯಮ ವಿಳಂಬ 3 ಸೆಕೆಂಡ್, ಸುಳ್ಳು ಅಲಾರಂ 24 ಗಂಟೆಗೆ ಮಧ್ಯಮ 2. ನಿಮ್ಮ ಫಲಿತಾಂಶವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇದಕ್ಕಿಂತ ತೀರಾ ಚೆನ್ನಾಗಿ ಬಂದರೆ ಸಂತೋಷಪಡುವ ಮೊದಲು ಮುಂದಿನ ಹಂತವನ್ನು ಮತ್ತೊಮ್ಮೆ ಪರಿಶೀಲಿಸಿ.

ಹಂತ 6: ಹಂಚಿಕೆ

ಎಲ್ಲ ತುಂಡುಗಳನ್ನು ಕಲಸಿ 80% ಕಲಿಕೆಗೆ, 20% ಪರೀಕ್ಷೆಗೆ ಎಂದು ಮಾಡುವುದು ಇಲ್ಲಿ ದೊಡ್ಡ ತಪ್ಪು. 40 ಸೆಕೆಂಡಿನ ಒಂದು ಫಿಟ್ಸ್‌ನ 20 ತುಂಡುಗಳಲ್ಲಿ 16 ಕಲಿಕೆಗೆ, 4 ಪರೀಕ್ಷೆಗೆ ಹೋಗುತ್ತವೆ. ಪರೀಕ್ಷೆಯ ತುಂಡಿಗೆ 2 ಸೆಕೆಂಡ್ ಹಿಂದಿನ, 2 ಸೆಕೆಂಡ್ ಮುಂದಿನ ಅಲೆಯನ್ನು ಮಾಡೆಲ್ ಆಗಲೇ ನೋಡಿದೆ. ಮೂರು ತುಂಡು ಜೋಡಿಸಿರುವುದರಿಂದ ಅದೇ ಅಂಕಿಗಳೇ ಎರಡೂ ಕಡೆ ಇರುತ್ತವೆ. ಅಂಕ 99ಕ್ಕೆ ಏರುತ್ತದೆ, ಹೊಸ ಫಿಟ್ಸ್ ಬಂದಾಗ ಮಾಡೆಲ್ ಸುಮ್ಮನಿರುತ್ತದೆ.

ಹೀಗೆ ಮಾಡಿ. ಫಿಟ್ಸ್ ಇರುವ ಫೈಲ್ 7, ಇಲ್ಲದವು 35. ಇಲ್ಲದವನ್ನು ಕಾಲಕ್ರಮದಲ್ಲಿ ಐದೈದರ 7 ಗುಂಪು ಮಾಡಿ, ಪ್ರತಿ ಗುಂಪಿಗೆ ಫಿಟ್ಸ್ ಇರುವ ಒಂದು ಫೈಲ್ ಸೇರಿಸಿ. 7 ಸುತ್ತು ಓಡಿಸಿ. ಪ್ರತಿ ಸುತ್ತಿನಲ್ಲಿ ಒಂದು ಗುಂಪು ಪರೀಕ್ಷೆಗೆ, ಉಳಿದ 6 ಕಲಿಕೆಗೆ. ಅಂಕಿಗಳನ್ನು ಸರಾಸರಿ ಸೊನ್ನೆ, ಹರವು ಒಂದು ಮಾಡುವ ಲೆಕ್ಕವೂ ಕಲಿಕೆಯ ಗುಂಪುಗಳಿಂದಲೇ ಬರಬೇಕು. ಅಲಾರಂ ಯಾವ ಮಟ್ಟಕ್ಕೆ ಬಾರಿಸಬೇಕು ಎಂಬ ಮಿತಿಯೂ ಅಷ್ಟೇ. ಪರೀಕ್ಷೆಯ ಗುಂಪನ್ನು ನೋಡಿ ಮಿತಿ ಸರಿಪಡಿಸಿದ ಕ್ಷಣಕ್ಕೆ ಅದು ಪರೀಕ್ಷೆಯಾಗಿ ಉಳಿಯುವುದಿಲ್ಲ.

ಹಂತ 7: ಮಾಡೆಲ್, ಅಲಾರಂ, ಅಳತೆ

ಲಾಜಿಸ್ಟಿಕ್ ರಿಗ್ರೆಷನ್‌ನಿಂದ (ಎರಡು ಗುಂಪುಗಳನ್ನು ನೇರ ಗಡಿಯಿಂದ ಬೇರ್ಪಡಿಸುವ ಸರಳ ಮಾಡೆಲ್) ಶುರುಮಾಡಿ, ಆಮೇಲೆ ಆರ್‌ಬಿಎಫ್ ಕರ್ನೆಲ್‌ನ ಎಸ್‌ವಿಎಂ (ಬಾಗಿದ ಗಡಿಯನ್ನೂ ಎಳೆಯಬಲ್ಲ ಮಾಡೆಲ್). ಎರಡರಲ್ಲೂ ವರ್ಗಗಳ (ಫಿಟ್ಸ್, ಫಿಟ್ಸ್ ಅಲ್ಲ) ತೂಕ ಸರಿದೂಗಿಸುವ ಆಯ್ಕೆ ಹಾಕಿ. ಎಸ್‌ವಿಎಂಗೆ 60,000 ತುಂಡು ಕೊಟ್ಟರೆ ಬಹಳ ಹೊತ್ತು ತಿನ್ನುತ್ತದೆ. ಸಾಮಾನ್ಯ ತುಂಡುಗಳಲ್ಲಿ ಹತ್ತಕ್ಕೊಂದು ಆರಿಸಿ, ಫಿಟ್ಸ್‌ನವನ್ನು ಎಲ್ಲ ಉಳಿಸಿ.

ಸತತ 3 ತುಂಡು "ಹೌದು" ಎಂದರೆ ಅಲಾರಂ. ಒಂದು ಅಲಾರಂ ಆದ ಮೇಲಿನ 60 ಸೆಕೆಂಡ್ ಅದೇ ಅಲಾರಂ ಎಂದು ಎಣಿಸಿ. ಇದರಿಂದ ಒಂಟಿ ತುಂಡಿನ ತಪ್ಪುಗಳು ಉದುರುತ್ತವೆ, ಆದರೆ ಹೆಚ್ಚುಕಡಿಮೆ 6 ಸೆಕೆಂಡ್ ವಿಳಂಬ ಖಾಯಂ ಆಗುತ್ತದೆ. ಬೇಗ ಬೇಕಿದ್ದರೆ ತುಂಡುಗಳನ್ನು 1 ಸೆಕೆಂಡ್ ಹೆಜ್ಜೆಯಲ್ಲಿ ಸರಿಸಿ.

ಅಳೆಯಬೇಕಾದ್ದು ಮೂರು. 7ರಲ್ಲಿ ಎಷ್ಟು ಫಿಟ್ಸ್ ಸಿಕ್ಕವು? ಗುರುತಿಸಿದ ಆರಂಭದಿಂದ ಎಷ್ಟು ಸೆಕೆಂಡಿಗೆ? 24 ಗಂಟೆಗೆ ಎಷ್ಟು ಸುಳ್ಳು ಅಲಾರಂ? 40 ಗಂಟೆಯಲ್ಲಿ 10 ಸುಳ್ಳು ಬಂದರೆ 24 ಗಂಟೆಗೆ 6. "7ರಲ್ಲಿ 6" ಎಂದೇ ಬರೆಯಿರಿ. 85.7% ಎಂದು ಬರೆದರೆ ಇಲ್ಲದ ಸೂಕ್ಷ್ಮತೆ ಇದ್ದಂತೆ ಕಾಣುತ್ತದೆ. ಇನ್ನೊಂದೇ ಫಿಟ್ಸ್ ಸಿಕ್ಕಿದ್ದರೆ ಅದು 100 ಆಗುತ್ತಿತ್ತು.

ಹಂತ 8: ಸುಳ್ಳು ಅಲಾರಂಗಳನ್ನು ಓದುವುದು

ಮಿದುಳಿನ ಬಗ್ಗೆ ನಿಜವಾಗಿ ಕಲಿಯುವುದು ಇಲ್ಲೇ. ಪ್ರತಿ ಸುಳ್ಳು ಅಲಾರಂನ ಸುತ್ತಲಿನ 30 ಸೆಕೆಂಡ್ ತೆರೆದು ನೋಡಿ, ಪಕ್ಕದಲ್ಲಿ ಕಾರಣ ಬರೆಯಿರಿ.

ಅಗಿತ ಮತ್ತು ತಲೆ ಅಲುಗಾಟ ಸುಲಭವಾಗಿ ಗೊತ್ತಾಗುತ್ತವೆ. ಅವು ಹೆಚ್ಚಿದ್ದರೆ 25ರಿಂದ 40 ಹರ್ಟ್ಜ್‌ವರೆಗಿನ ಶಕ್ತಿಯನ್ನು ಪ್ರತಿ ಚಾನೆಲ್‌ಗೆ ಇನ್ನೊಂದು ಲಕ್ಷಣವಾಗಿ ಸೇರಿಸಿ. ಸ್ನಾಯು ಎಲ್ಲಿದೆ ಎಂಬುದು ಮಾಡೆಲ್‌ಗೆ ತಿಳಿಯುತ್ತದೆ. ಆದರೆ ಆ ಅಲಾರಂಗಳನ್ನು "ಸ್ನಾಯು ಇದ್ದರೆ ಫಿಟ್ಸ್ ಅಲ್ಲ" ಎಂಬ ನಿಯಮದಿಂದ ಅಳಿಸಬೇಡಿ. ಕೈಕಾಲು ಬಿಗಿದು ಅದುರುವ ಫಿಟ್ಸ್‌ನಲ್ಲಿ ಸ್ನಾಯುವಿನ ಗೀಚು ಇಇಜಿಯನ್ನು ಮುಚ್ಚಿಬಿಡುತ್ತದೆ. ಆ ನಿಯಮ ಅತ್ಯಂತ ಅಪಾಯದ ಫಿಟ್ಸ್‌ಗಳನ್ನೇ ಬಿಟ್ಟುಕೊಡುತ್ತದೆ.

ನಿದ್ರೆ ಹೆಚ್ಚು ಮೋಸ ಮಾಡುತ್ತದೆ. ಮಕ್ಕಳಿಗೆ ಕಣ್ಣು ಕೂರುವ ಹೊತ್ತಿನಲ್ಲಿ 3ರಿಂದ 5 ಹರ್ಟ್ಜ್‌ನ ಎತ್ತರದ, ಲಯಬದ್ಧ ಅಲೆಗಳು ನೆತ್ತಿಯ ತುಂಬ ಥಟ್ಟನೆ ಏಳುತ್ತವೆ. ಪೂರ್ತಿ ಸಹಜ, ಆದರೆ ಹೊಸಬರು ಫಿಟ್ಸ್ ಎಂದುಕೊಳ್ಳುವುದು ಬಹಳ. ಆಮೇಲೆ ನಡುನೆತ್ತಿಯಲ್ಲಿ ಚೂಪು ಅಲೆ, 12ರಿಂದ 14 ಹರ್ಟ್ಜ್‌ನ ಕದಿರಿನಾಕಾರದ ಗುಚ್ಛ ಬರುತ್ತವೆ. ಇವು ಕೆಲವೇ ಸೆಕೆಂಡಿನಲ್ಲಿ ಬಂದ ಹಾಗೆಯೇ ನಿಲ್ಲುತ್ತವೆ, ಬೆಳೆದು ಹರಡುವುದಿಲ್ಲ. ಕಲಿಕೆಯ ಗುಂಪಿನಲ್ಲಿ ರಾತ್ರಿಯ ಗಂಟೆಗಳು ಸಾಕಷ್ಟಿವೆಯೇ ನೋಡಿ. ಹಗಲಿನ ಫೈಲ್‌ಗಳನ್ನಷ್ಟೇ ಕಲಿತ ಮಾಡೆಲ್ ರಾತ್ರಿಯಿಡೀ ಕೂಗುತ್ತದೆ.

ತಪ್ಪಿಹೋದ ಫಿಟ್ಸ್‌ಗಳನ್ನೂ ಹೀಗೇ ತೆರೆಯಿರಿ. ನೆತ್ತಿಯಲ್ಲಿ ಕಾಣಬೇಕಾದರೆ ಹೊರಪದರದ ಹಲವು ಚದರ ಸೆಂಟಿಮೀಟರ್ ಒಟ್ಟಿಗೆ ಮಿಡಿಯಬೇಕು. ಆಳದಲ್ಲಿ, ಕಿವಿಯ ಬಳಿಯ ಟೆಂಪೊರಲ್ ಹಾಲೆಯ ಒಳಮಗ್ಗುಲಲ್ಲಿ ಶುರುವಾದದ್ದು ಹೊರಗೆ ಹರಡುವವರೆಗೆ ಇಲ್ಲಿ ಸುಳಿವೇ ಇರದಿರಬಹುದು. ಅಂಥ ಕಡೆ ಎಷ್ಟು ಮಾಡೆಲ್ ಬದಲಿಸಿದರೂ ಪ್ರಯೋಜನವಿಲ್ಲ, ಸಿಗ್ನಲ್‌ನಲ್ಲೇ ಅದು ಇಲ್ಲ.

ಹಂತ 9: ಎಲ್ಲಿ ಶುರುವಾಯಿತು?

ಸಿಕ್ಕ ಪ್ರತಿ ಫಿಟ್ಸ್‌ಗೆ, ಆರಂಭಕ್ಕೆ 30 ಸೆಕೆಂಡ್ ಮೊದಲಿನಿಂದ 18 ಚಾನೆಲ್‌ಗಳ ಸ್ಪೆಕ್ಟ್ರೋಗ್ರಾಂ (ಸಮಯ ಸರಿದಂತೆ ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಇದೆ ಎಂದು ತೋರಿಸುವ ಚಿತ್ರ) ಒಂದರ ಕೆಳಗೊಂದು ಬಿಡಿಸಿ. ಯಾವ ಚಾನೆಲ್‌ನಲ್ಲಿ ಮೊದಲು ಲಯ ಎದ್ದಿತು, ಯಾವ ಆವರ್ತನದಿಂದ ಯಾವುದಕ್ಕೆ ಇಳಿಯಿತು ಎಂಬುದನ್ನು ಬರೆಯಿರಿ. ಮತ್ತೆ ಕಚ್ಚಾ ಸಿಗ್ನಲ್‌ಗೆ ಹೋಗಿ: ಎಫ್8-ಟಿ8ರಲ್ಲಿ ಅಲೆ ಕೆಳಮುಖವಾಗಿ, ಅದೇ ಕ್ಷಣ ಟಿ8-ಪಿ8ರಲ್ಲಿ ಮೇಲ್ಮುಖವಾಗಿದ್ದರೆ, ಎರಡಕ್ಕೂ ಸಾಮಾನ್ಯವಾದ ಟಿ8ರ ಬಳಿ ವೋಲ್ಟೇಜ್ ತುತ್ತತುದಿಗೆ ಹೋಗಿದೆ ಎಂದರ್ಥ. ವೈದ್ಯರು ಜಾಗ ಗುರುತಿಸಲು ನೋಡುವ ಮೊದಲ ಸುಳಿವುಗಳಲ್ಲಿ ಇದೊಂದು. 7 ಫಿಟ್ಸ್‌ಗಳೂ ಒಂದೇ ಬಗೆಯಲ್ಲಿ ಶುರುವಾದವೇ? ಒಬ್ಬರದೇ ಫಿಟ್ಸ್‌ಗಳು ಒಂದನ್ನೊಂದು ಹೋಲುವುದು ಹೆಚ್ಚು, ಒಬ್ಬರದು ಇನ್ನೊಬ್ಬರದನ್ನು ಹೋಲುವುದು ಕಡಿಮೆ. ರೋಗಿಗೊಂದು ಮಾಡೆಲ್ ಚೆನ್ನಾಗಿ ನಡೆಯಲು ಕಾರಣ ಇದೇ.

ಬೇರೆ ರೋಗಿಗಳಿಗೆ, ನಮ್ಮ ಊರಿನ ದಾಖಲೆಗಳಿಗೆ

ಹಲವರ ಮೇಲೆ ಕಲಿಸಿ ಹೊಸಬರ ಮೇಲೆ ಪರೀಕ್ಷಿಸುವುದಾದರೆ ರೋಗಿಯನ್ನೇ ಪೂರ್ತಿಯಾಗಿ ಹೊರಗಿಡಬೇಕು. ಸಿಎಚ್‌ಬಿ21 ಮತ್ತು ಸಿಎಚ್‌ಬಿ01 ಒಬ್ಬಳೇ ಹುಡುಗಿ. ಒಂದೂವರೆ ವರ್ಷದ ಬಳಿಕ ಮತ್ತೆ ದಾಖಲಿಸಿದ್ದು. ಎರಡು ಹೆಸರು ನೋಡಿ ಇಬ್ಬರೆಂದುಕೊಂಡು ಒಂದನ್ನು ಕಲಿಕೆಗೆ, ಇನ್ನೊಂದನ್ನು ಪರೀಕ್ಷೆಗೆ ಹಾಕಿದರೆ ಹಂತ 6ರ ತಪ್ಪು ಹಿಂಬಾಗಿಲಿನಿಂದ ಬಂದಂತೆ. ಸಿಎಚ್‌ಬಿ12ರ ಕೆಲವು ಫೈಲ್‌ಗಳಲ್ಲಿ ಚಾನೆಲ್ ಜೋಡಣೆಯೇ ಬೇರೆ. ಆರಂಭದಲ್ಲಿ ಅದನ್ನು ಬಿಡಿ.

ಭಾರತದ ಆಸ್ಪತ್ರೆಗಳ ದಾಖಲೆ ಸಿಕ್ಕರೆ ವಿದ್ಯುತ್ 50 ಹರ್ಟ್ಜ್ ಎಂಬುದು ನೆನಪಿರಲಿ. 40 ಹರ್ಟ್ಜ್‌ಗೆ ಹತ್ತಿರವಾದ್ದರಿಂದ ಫಿಲ್ಟರ್‌ನ ಇಳಿಜಾರಿನಲ್ಲಿ ಸ್ವಲ್ಪ ಉಳಿಯಬಹುದು, ಪ್ರತ್ಯೇಕ ಫಿಲ್ಟರ್ ಹಾಕಿ. ಸ್ಯಾಂಪಲ್ ದರ 256 ಇಲ್ಲದಿದ್ದರೆ ಮೊದಲು ಅದಕ್ಕೆ ಬದಲಿಸಿ. ಎಥಿಕ್ಸ್ ಸಮಿತಿಯ ಒಪ್ಪಿಗೆ ಇಲ್ಲದೆ, ಹೆಸರು ಮತ್ತು ಹುಟ್ಟಿದ ದಿನಾಂಕ ಅಳಿಸದೆ ಒಂದು ಫೈಲ್ ಕೂಡ ನಿಮ್ಮ ಯಂತ್ರಕ್ಕೆ ಬರಬಾರದು. ಇಡಿಎಫ್ ಫೈಲ್‌ನ ತಲೆಬರಹದಲ್ಲೇ ಇವು ಕೂತಿರುತ್ತವೆ.

ಬಾಸ್ಟನ್ ಮಕ್ಕಳಿಂದ ಕಲಿತದ್ದು ಇಲ್ಲಿನ ಎಲ್ಲ ಫಿಟ್ಸ್‌ಗೂ ಹೊಂದುತ್ತದೆ ಎಂದುಕೊಳ್ಳಬೇಡಿ. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಿಂದ ಹೆಚ್ಚಾಗಿ ವರದಿಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಮೇಲೆ ಬಹಳ ಅಧ್ಯಯನ ನಡೆದಿದೆ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದ ಇವರ ಇಇಜಿ ಹೆಚ್ಚಿನವರಲ್ಲಿ ಸಹಜವಾಗಿಯೇ ಇರುತ್ತದೆ. ಅಂಥ ದಾಖಲೆಯ ಮೇಲೆ ನಿಮ್ಮ ಪ್ರೋಗ್ರಾಂ ಒಂದೂ ಅಲಾರಂ ಕೊಡದಿದ್ದರೆ, ಆ ದಾಖಲೆಯಲ್ಲಿ ಪ್ರೋಗ್ರಾಂಗೆ ಫಿಟ್ಸ್ ಕಾಣಲಿಲ್ಲ ಎಂದಷ್ಟೇ ಬರೆಯಿರಿ. ಮೂರ್ಛೆರೋಗ ಇದೆಯೋ ಇಲ್ಲವೋ ಎಂಬುದನ್ನು ರೋಗಿಯ ಮಾತು, ಕಂಡವರ ಮಾತು ಕೇಳಿದ ನರರೋಗ ತಜ್ಞರು ಹೇಳಬೇಕು.